ಬೊಳ್ಳಿಯ ತುರಿಕೆಗೆ ಕಾರಣ ಹುಡುಕಿದವರು

ಅಕ್ಕನ ಟ್ರಂಕಿನ ತಳದಲ್ಲಿ, ಮಡಚಿಟ್ಟ ಸೀರೆಗಳ ಕೆಳಗೆ, ಹೇನು ತೆಗೆಯುವ ಮರದ ಬಾಚಣಿಗೆಯೊಂದು ಸಿಕ್ಕಿತು. ಹಲ್ಲುಗಳ ನಡುವೆ ಎರಡು ಬಿಳಿಯ ಕೂದಲು. ಅಕ್ಕನದೋ ಬೆಕ್ಕಿನದೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆಮೇಲೆ ಬಾಚಣಿಗೆಯನ್ನು ಮೂಸಿ ನೋಡಿದೆ. ಮೂಸಬಾರದಿತ್ತು. ಹಳೆಯ ತೆಂಗಿನೆಣ್ಣೆಯ ಕಮಟು ವಾಸನೆಯ ಜೊತೆಗೆ ಬಂಟ್ವಾಳ ಪೇಟೆಯ ಆ ಬಾಡಿಗೆ ಮನೆ, ಅದರ ಹಿಂದಿನ ಜಗಲಿ, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಕಂಪೌಂಡರು, ಎಲ್ಲ ಒಟ್ಟಿಗೆ ಎದ್ದು ಬಂದವು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಳೆಗಾಲದಲ್ಲಿ ನೇತ್ರಾವತಿ ಅಂಗಳದವರೆಗೆ ಬಂದು ಕ್ಷೇಮಸಮಾಚಾರ ವಿಚಾರಿಸಿ ಹೋಗುತ್ತಿದ್ದ ಮನೆ ಅದು. ಎದುರು ಭಾಗದಲ್ಲಿ ಮನೆಯ ಯಜಮಾನರಾದ ಸಾಹುಕಾರರು, ಅವರ ಸೊಸೆ ಮತ್ತು ಮೊಮ್ಮಗು. ಮಗ ದುಬಾಯಿಯಲ್ಲಿ. ಹಿಂಭಾಗದಲ್ಲಿ ನಾನು, ನನ್ನ ಅಕ್ಕ, ಅಕ್ಕನ ಬೆಕ್ಕು. ಅವಿವಾಹಿತನಾದ ನನ್ನ ಸಂಸಾರ ಅಷ್ಟೇ.

ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕಿನೊಂದಿಗೆ ನನ್ನಲ್ಲಿಗೆ ಬಂದಿದ್ದಳು. ಮಾತು ಅಲ್ಲೇ ಎಲ್ಲೋ ಬಿಟ್ಟು ಬಂದಿದ್ದಳು. ನನ್ನ ಪ್ರಶ್ನೆಗಳಿಗೆ ಹೌದು, ಇಲ್ಲ, ಆಯ್ತು ಎಂಬ ಮೂರು ಉತ್ತರಗಳಿದ್ದವು. ಉಳಿದ ಮಾತೆಲ್ಲ ಬೆಕ್ಕಿಗೆ. ಮೈಯೆಲ್ಲ ಬಿಳಿಯಾದ್ದರಿಂದ ಅದಕ್ಕೆ ಬೊಳ್ಳಿ ಎಂದು ಹೆಸರಿಟ್ಟಿದ್ದಳು. ತುಳುವಿನಲ್ಲಿ ಬೆಳ್ಳಿಗೆ ಹಾಗೆನ್ನುತ್ತಾರೆ. ಅಡುಗೆಮನೆಯಿಂದ ಅವಳು ಬೊಳ್ಳಿಗೆ ಊರಿನ ಸುದ್ದಿ ಹೇಳುವುದನ್ನು ಕೇಳಿಕೊಂಡೇ ನನಗೆ ಲೋಕವ್ಯವಹಾರ ತಿಳಿಯುತ್ತಿತ್ತು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಬೊಳ್ಳಿ ತುರಿಸಿಕೊಳ್ಳತೊಡಗಿತು. ಮೊದಲು ಹಿಂಗಾಲಿನಿಂದ, ಆಮೇಲೆ ಹಲ್ಲಿನಿಂದ, ಕೊನೆಗೆ ಬಾಗಿಲಿನ ದಾರಂದಕ್ಕೆ ಬೆನ್ನು ಉಜ್ಜಿ. ಬೆನ್ನಿನ ಮೇಲೆ ಕೂದಲು ಉದುರಿ ಕೆಂಪು ಚರ್ಮ ಕಾಣಿಸಿತು. ಅದೇ ವಾರ ಸಾಹುಕಾರರ ಮೊಮ್ಮಗುವಿನ ತೋಳಿನಲ್ಲಿ ದುಂಡಗೆ ಗಜಕರ್ಣ ಎದ್ದಿತು. ಎರಡನ್ನೂ ಕೂಡಿಸಿ ಲೆಕ್ಕ ಮಾಡಲು ಗಣಿತದ ಮಾಷ್ಟ್ರು ಬೇಕಾಗಿರಲಿಲ್ಲ.

ಸಾಹುಕಾರರು ಒಳ್ಳೆಯವರು. ನಮ್ಮ ಜಗಲಿಗೆ ಬಂದು, ಕೂತು, ಶಾಲೆಯ ವಿಷಯ ಕೇಳಿ, ಆಮೇಲೆ ಹೇಳಿದರು: "ಮಾಷ್ಟ್ರೇ, ಬೆಕ್ಕಿನ ಮೇಲೆ ನನಗೆ ಕೋಪ ಏನಿಲ್ಲ. ಮಗುವಿನ ಕೈ ನೀವೇ ನೋಡಿದ್ದೀರಿ. ಮಗ ಬರ್ಲಿಕ್ಕೆ ಇನ್ನು ಹದಿನೈದು ದಿನ ಉಂಟು. ಅಷ್ಟರೊಳಗೆ ತುರಿಕೆ ನಿಂತರೆ ಸರಿ. ಇಲ್ಲದಿದ್ರೆ ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುವ."

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಆ ವಾರ ನಾನು ವೈದ್ಯವೃತ್ತಿಯನ್ನು ಅಂಗೀಕರಿಸಿದೆ. ಮೀನು ಉಷ್ಣ ಎಂದು ಒಬ್ಬರು ಹೇಳಿದರು. ಬೂತಾಯಿ ಮೀನಿನ ತಲೆ ಹಾಕುವುದನ್ನು ನಿಲ್ಲಿಸಿ ಮೊಸರನ್ನ ಹಾಕಿದೆ. ಕಹಿಬೇವು ಎಂದು ಇನ್ನೊಬ್ಬರು, ಅರೆದು ಹಚ್ಚಿದೆ. ಗಂಧಕ ಎಂದು ಮಗದೊಬ್ಬರು. ತೆಂಗಿನೆಣ್ಣೆಯಲ್ಲಿ ಕಲಸಿ ಬೇವಿನ ಮೇಲೆಯೇ ಹಚ್ಚಿದೆ. ಬೊಳ್ಳಿ ಹಸಿರು ಹಳದಿ ಬಣ್ಣದ ಗಂಭೀರ ಪ್ರಾಣಿಯಾಯಿತು. ತುರಿಕೆ ಇದ್ದಲ್ಲೇ ಇತ್ತು. ಕಡೆಗೆ ನಾಚಿಕೆ ಬಿಟ್ಟು ಪಶು ಆಸ್ಪತ್ರೆಯ ಕಂಪೌಂಡರನ್ನು ಕರೆದೆ.

ಅವರು ಮೂಡುಬಿದಿರೆ ಕಡೆಯ ಜೈನರು. ಬಡಕಲು ಮೈ, ಮಾಸಿದ ಬಿಳಿ ಅಂಗಿ, ಯಾವ ಕಾಲದಲ್ಲೂ ಒಂದು ಕೊಡೆ. ಎಲ್ಲರೊಡನೆ ತುಳು ಮಾತಾಡುತ್ತಿದ್ದವರು ನನ್ನೆದುರು ಮಾತ್ರ ಬಿಡಿಸಿ ಬಿಡಿಸಿ ಕನ್ನಡ ಆಡುತ್ತಿದ್ದರು, ಮಾಷ್ಟ್ರು ಮಾರ್ಕು ಕಡಿಮೆ ಹಾಕಿಯಾರೆಂಬ ಭಯ ಇದ್ದವರಂತೆ. ಸಂಜೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ನೇಮ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ನೇಮ. ದನಗಳ ಹುಣ್ಣಿನ ಹುಳು ತೆಗೆಯಬೇಕಾದ ಕೆಲಸದಲ್ಲಿದ್ದ ಮನುಷ್ಯ ಈ ನೇಮಗಳನ್ನು ಹೇಗೆ ಸಂಭಾಳಿಸುತ್ತಾರೆಂದು ಊರಿಗೆ ಕುತೂಹಲವಿತ್ತು. ಕೊಲ್ಲುವ ಮದ್ದನ್ನು ಡಾಕ್ಟ್ರೇ ಹಾಕುತ್ತಾರೆ, ಇವರು ಪ್ರಾಣಿಯನ್ನು ಹಿಡಿದುಕೊಂಡು ಮುಖ ಆಚೆ ತಿರುಗಿಸುತ್ತಾರೆ ಎಂದು ಊರು ಹೇಳುತ್ತಿತ್ತು.

ಮೊದಲ ದಿನ ಅವರು ಬೊಳ್ಳಿಯನ್ನು ಮುಟ್ಟಲೇ ಇಲ್ಲ. ಹಚ್ಚಿದ್ದನ್ನೆಲ್ಲ ತೊಳೆಯಲು ಹೇಳಿ ಜಗಲಿಯಲ್ಲಿ ಸುಮ್ಮನೆ ಕೂತರು. ಮೂರು ಮದ್ದಿನ ಕಥೆಯನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ವರದಿ ಮಾಡಿದೆ.

"ಮೂರನ್ನೂ ಒಟ್ಟಿಗೆ ಹಾಕಿದ್ರೆ ಯಾವುದರಿಂದ ಕಡಿಮೆಯಾಯ್ತು, ಯಾವುದರಿಂದ ಜಾಸ್ತಿಯಾಯ್ತು ಅಂತ ಹೇಗೆ ಗೊತ್ತಾಗ್ತದೆ ಮಾಷ್ಟ್ರೇ? ನೀವು ಗಣಿತದವರಲ್ವಾ?" ಎಂದರು.

ಒಳಗಿನಿಂದ ಒಂದು ಸದ್ದು ಬಂತು. ಅಕ್ಕ ನಕ್ಕಿದ್ದಳು. ಆ ಮನೆಯಲ್ಲಿ ಅದು ಮೊದಲನೆಯ ಸಲ.

ಮರುದಿನದಿಂದ ಅವರು ಡ್ಯೂಟಿ ಮುಗಿಸಿ ದಿನಾ ಬರುತ್ತಿದ್ದರು. ಒಂದು ದಿನಕ್ಕೆ ಒಂದೇ ಪರೀಕ್ಷೆ. ಕಿವಿಯೊಳಗೆ ಕಪ್ಪು ಕೊಳೆ ಇದೆಯೇ ಎಂದು ನೋಡಿದರು, ಇರಲಿಲ್ಲ. ಗಜಕರ್ಣದ ಹಾಗೆ ದುಂಡಗೆ ಕೂದಲು ಉದುರಿದ ಜಾಗ ಹುಡುಕಿದರು, ಅದೂ ಇರಲಿಲ್ಲ. ಮೀನು ನಿಲ್ಲಿಸಿದ್ದರಿಂದ ಬೆಕ್ಕು ಬಡವಾದದ್ದು ಬಿಟ್ಟರೆ ಬೇರೇನೂ ಆಗಿಲ್ಲವೆಂದು ಕಂಡು ಬೂತಾಯಿಯನ್ನು ಪುನಃ ಮಂಜೂರು ಮಾಡಿದರು. ಶುದ್ಧ ಸಸ್ಯಾಹಾರಿಗಳ ಬಾಯಿಂದ ಬಂದ ಆ ಆಜ್ಞೆಯನ್ನು ಅಕ್ಕ ಕೂಡಲೇ ಜಾರಿಗೆ ತಂದಳು. ಬೊಳ್ಳಿಯನ್ನು ಮಡಿಲಲ್ಲಿ ಹಿಡಿದು ಕೂತು ಅವಳು ಮಾತಾಡತೊಡಗಿದ್ದಳು. ಮೊದಲು ಬೆಕ್ಕಿನ ವಿಷಯ, ಆಮೇಲೆ ಬೆಳ್ತಂಗಡಿಯ ಗಂಡನ ಮನೆಯ ವಿಷಯ, ಕಡೆಗೊಂದು ದಿನ ಭಾವನ ವಿಷಯ... ನನಗೆ ಎರಡು ವರ್ಷ ಹೇಳದ್ದನ್ನು ಅವರಿಗೆ ನಾಲ್ಕು ದಿನದಲ್ಲಿ ಹೇಳಿದಳು. ಅವರು "ಹೌದಮ್ಮ" ಎನ್ನುತ್ತಾ ಬೆಕ್ಕಿನ ಕೂದಲು ಬಿಡಿಸುತ್ತಿದ್ದರು.

ಐದನೆಯ ದಿನ ಅಕ್ಕನ ಬಾಚಣಿಗೆ ಕೇಳಿದರು. ಒಂದು ಬಿಳಿ ಕಾಗದವನ್ನೂ ಕೇಳಿದರು. ನಾನು ಹಿಂದಿನ ಪರೀಕ್ಷೆಯ ಖಾಲಿ ಉತ್ತರಪತ್ರಿಕೆ ಕೊಟ್ಟೆ. ಬಾಲದ ಬುಡದಿಂದ ಬಾಚಿ ಕಾಗದದ ಮೇಲೆ ತಟ್ಟಿದರು. ಕರಿಮೆಣಸಿನ ಪುಡಿಯಂಥ ಕಪ್ಪು ಕಾಳುಗಳು ಬಿದ್ದವು. ಮಣ್ಣು ಎಂದೆ ನಾನು. ಅವರು ಬೆರಳಿನಿಂದ ಒಂದು ಹನಿ ನೀರು ಬಿಟ್ಟರು. ಕಾಳಿನ ಸುತ್ತ ನಿಧಾನವಾಗಿ ಕೆಂಪು ಹರಡಿತು.

"ಮಣ್ಣು ಕೆಂಪಾಗುವುದಿಲ್ಲ. ಇದು ರಕ್ತ. ಚಿಗಟ ಕುಡಿದು ಹೊರಗೆ ಹಾಕಿದ್ದು. ಚಿಗಟವನ್ನು ಬೆಕ್ಕು ನೆಕ್ಕಿ ನುಂಗ್ತದೆ, ಹಾಗಾಗಿ ನಮಗೆ ಕಾಣುವುದಿಲ್ಲ. ಗಜಕರ್ಣ ಅಲ್ಲ ಇದು, ಮಗುವಿನದ್ದು ಬೇರೆ."

ಕಾರಣ ಸಿಕ್ಕಿತ್ತು. ಸೌದೆ ಕೋಣೆಯಲ್ಲಿ ಬೊಳ್ಳಿ ಮಲಗುತ್ತಿದ್ದ ಗೋಣಿಯನ್ನು ಕೊಡವಿದಾಗ ಸಾಕ್ಷಿಗಳೂ ಜಿಗಿದರು. ಬಾಚಣಿಗೆಯಲ್ಲಿ ಸಿಕ್ಕ ಒಂದು ಚಿಗಟವನ್ನು ಕಂಪೌಂಡರು ಜೋಪಾನವಾಗಿ ಬೇಲಿಯವರೆಗೆ ಒಯ್ದು ಬಿಟ್ಟು ಬಂದರು. ಅದು ಅವರಿಗಿಂತ ಮೊದಲೇ ಹಿಂದಿರುಗಿತೆಂದು ನನ್ನ ಅನುಮಾನ.

ಆದರೆ ಸಾಹುಕಾರರ ಸೊಸೆಗೆ ಕಾಗದದ ಮೇಲಿನ ಕೆಂಪು ಕಲೆಯಿಂದ ಸಮಾಧಾನವಾಗಲಿಲ್ಲ. ಬೆಕ್ಕು ಕಣ್ಣೆದುರು ಇನ್ನೂ ತುರಿಸಿಕೊಳ್ಳುತ್ತಿತ್ತು. ಗಡುವಿಗೆ ಮೂರು ದಿನ ಉಳಿದಿತ್ತು. ಏನು ಹಾಕಬೇಕೆಂದು ಕೇಳಿದೆ. ಕಂಪೌಂಡರು ಕೊಡೆಯ ಹಿಡಿಯನ್ನು ಸವರುತ್ತಾ ನಿಂತರು.

"ಗೋಣಿ ಬಿಸಿಲಿಗೆ ಹಾಕಿ, ನೆಲ ಗುಡಿಸಿ, ದಿನಾ ಬಾಚಿ. ನಿಧಾನಕ್ಕೆ ಹೋಗ್ತದೆ. ಬೇಗ ಹೋಗುವ ಮದ್ದು ಉಂಟು, ಅದು ಕೊಲ್ಲುವ ಮದ್ದು. ಅದರ ಸುದ್ದಿ ನಾನು ಮಾತಾಡುವುದಿಲ್ಲ. ಮಂಗಳವಾರ ಡಾಕ್ಟ್ರು ಬರ್ತಾರೆ, ಬರೆದು ಕೊಡ್ತಾರೆ."

ಅಂದು ಶನಿವಾರ. ಸಾಹುಕಾರರ ಮಗ ಬರುವುದೂ ಮಂಗಳವಾರವೇ.

ಭಾನುವಾರ ಮಧ್ಯಾಹ್ನ, ಅಕ್ಕ ಬಟ್ಟೆ ಒಗೆಯಲು ಹೋಗಿದ್ದಾಗ, ನಾನು ಮೆಡಿಕಲಿನಿಂದ ಒಂದು ಡಬ್ಬಿ ಪುಡಿ ತಂದೆ. ನಾಯಿಯ ಮೈಯ ಉಣ್ಣಿ ಹುಳಕ್ಕೆ ಹಾಕುವ ಪುಡಿ. ಅಂಗಡಿಯವರು ಅದು ನಾಯಿಗೆ ಎಂದು ಎರಡು ಸಲ ಹೇಳಿದ್ದರು. ನಾಲ್ಕು ಕಾಲು, ಒಂದು ಬಾಲ, ಮೈತುಂಬ ಕೂದಲು; ಸಮೀಕರಣದ ಎರಡೂ ಬದಿ ನನಗೆ ಸಮನಾಗಿ ಕಂಡಿತು. ತೂಕದಲ್ಲಿ ಬೆಕ್ಕು ನಾಯಿಯ ಕಾಲು ಭಾಗ, ಆದ್ದರಿಂದ ಕಾಲು ಭಾಗ ಪುಡಿ. ಇಷ್ಟು ಶುದ್ಧವಾದ ತ್ರೈರಾಶಿ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳು ಯಾರೂ ಮಾಡಿದ್ದಿಲ್ಲ. ಪುಡಿ ಸವರಿ, ಕೈ ತೊಳೆದು, ಪೇಪರು ಓದಲು ಕೂತೆ. ಬೊಳ್ಳಿ ಬೆಕ್ಕುಗಳು ಮಾಡುವುದನ್ನೇ ಮಾಡಿತು. ಮೈಯನ್ನು ನೆಕ್ಕಿ ಶುಚಿ ಮಾಡಿಕೊಂಡಿತು.

ಅಕ್ಕ ಬಂದಾಗ ಅದರ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೈ ನಡುಗುತ್ತಿತ್ತು. ಅಕ್ಕ ಪುಡಿಯ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು.

"ಇದು ಯಾರು ಕೊಟ್ಟದ್ದು?"

"ಕಂಪೌಂಡರು ಹೇಳಿದ್ದು" ಎಂದೆ.

ಯೋಚಿಸಿ ಆಡಿದ ಮಾತಲ್ಲ ಅದು. ಆದರೆ ಬಾಯಿಂದ ಹೊರಟ ಮೇಲೆ ಅದನ್ನು ವಾಪಸು ಕರೆಯಲು ನಾನು ಒಂದು ಹೆಜ್ಜೆಯೂ ಹಾಕಲಿಲ್ಲ. ಓಡಿದ್ದು ಮಾತ್ರ ಕಂಪೌಂಡರ ಮನೆಗೆ.

ಅವರು ಸಂಜೆಯ ಊಟಕ್ಕೆ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಪುಡಿ ತಂದವನು ನಾನೆಂದು ಅವರಿಗೆ ಸತ್ಯವನ್ನೇ ಹೇಳಿದೆ. ಎರಡು ತುತ್ತು ತಿಂದ ಬಟ್ಟಲನ್ನು ಬಿಟ್ಟು ಎದ್ದರು. ಅವರ ಹೆಂಡತಿ ಆಕಾಶ ನೋಡಿ, ಗಂಡನ ಕೈಗೆ ಕೊಡೆ ಕೊಟ್ಟರು. ಸೂರ್ಯ ಇಳಿಯುತ್ತಿದ್ದ. ಇನ್ನು ಮರುದಿನದವರೆಗೆ ಅವರಿಗೆ ಅನ್ನವಿಲ್ಲ ಎಂಬುದು ನನಗೆ ಹೊಳೆದದ್ದು ದಾರಿಯಲ್ಲಿ.

ಉಗುರುಬೆಚ್ಚಗಿನ ನೀರು, ಸಾಬೂನು. ಮೂರು ಸಲ ತೊಳೆದರು. ಕೊಲ್ಲುವ ಮದ್ದಿನ ಸುದ್ದಿ ಮಾತಾಡದವರ ಎರಡೂ ಕೈ ಆ ಪುಡಿಯಲ್ಲಿ ಮುಳುಗಿದ್ದವು. ಬಕೆಟಿನ ನೀರಿನ ಮೇಲೆ ಸತ್ತ ಚಿಗಟಗಳು ತೇಲಿದವು. ಆ ಮಟ್ಟಿಗೆ ನನ್ನ ಚಿಕಿತ್ಸೆ ಫಲಿಸಿತ್ತು. ಅಕ್ಕನ ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ದೀಪ ಹಚ್ಚುವ ಹೊತ್ತಿಗೆ ಬೊಳ್ಳಿಯ ನಡುಕ ನಿಂತಿತು. ಉಸಿರೂ ನಿಂತಿತ್ತು.

ಅಕ್ಕ ಅಳಲಿಲ್ಲ. ಬೆಕ್ಕನ್ನು ಅವರ ಮಡಿಲಿನಿಂದ ತೆಗೆದುಕೊಂಡಳು.

"ಇರುವೆಯನ್ನೂ ದಾಟಿ ನಡೆಯುವವರು ಅಂತ ನಂಬಿದ್ದೆ. ನೀವು ಹೇಳಿದ ಪುಡಿಯಿಂದಲೇ ಹೋಯ್ತು. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಕಂಪೌಂಡರು ನನ್ನ ಕಡೆ ನೋಡಿದರು. ಒಂದೇ ಸಲ. ನಾನು ಬಕೆಟನ್ನು ನೋಡುತ್ತಿದ್ದೆ. ನಾನು ಬಾಯಿ ತೆರೆಯಬಹುದೆಂದು ಅವರು ಸ್ವಲ್ಪ ಹೊತ್ತು ಕಾದರು ಎಂದು ಈಗ ಅನ್ನಿಸುತ್ತದೆ... ಆಗಲೂ ಅನ್ನಿಸಿತ್ತು.

"ನನ್ನ ತಪ್ಪು ಉಂಟಮ್ಮ" ಎಂದರು. "ಬೆಕ್ಕಿಗೆ ಯಾವುದು ಆಗುವುದಿಲ್ಲ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ." ಕೊಡೆ ತೆಗೆದುಕೊಂಡು ಹೋದರು.

ಸಾಹುಕಾರರ ಮಗ ಬಂದು, ತಿಂಗಳಿದ್ದು, ಹೋದ. ಮಗುವಿನ ಗಜಕರ್ಣ ಬೆಕ್ಕು ಹೋದ ಮೇಲೂ ಬಹಳ ದಿನ ಇತ್ತು. ಅಕ್ಕ ಮೂರು ಉತ್ತರಗಳಿಗೆ ಹಿಂದಿರುಗಿದಳು. ಕಂಪೌಂಡರಿಗೆ ಬೆಳ್ತಂಗಡಿಗೆ ವರ್ಗವಾಯಿತೆಂದು, ಆಮೇಲೆ ನಿವೃತ್ತರಾಗಿ ಊರಿಗೆ ಹೋದರೆಂದು ಕೇಳಿದೆ. ವರ್ಗವಾಗುವವರೆಗೆ ಪೇಟೆಯಲ್ಲಿ ಎದುರಾದಾಗಲೆಲ್ಲ ಅವರೇ ಮೊದಲು ನಮಸ್ಕರಿಸುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಅವರು ತೀರಿಕೊಂಡ ಸುದ್ದಿ ಏಳೆಂಟು ವರ್ಷಗಳ ಮೇಲೆ ಬಂತು. ಮೂಡುಬಿದಿರೆಯ ಬಸ್ಸು ಹತ್ತಿದೆ. ಅವರ ಹೆಂಡತಿ ಗುರುತು ಹಿಡಿದರು. ನಿವೃತ್ತಿಯ ಮೇಲೆ ದನಕರುಗಳನ್ನು ನೋಡುತ್ತಿದ್ದರೇ ಎಂದು ಮಾತಿಗೆ ಕೇಳಿದೆ. ಇಲ್ಲವಂತೆ. ಬಂಟ್ವಾಳದಲ್ಲಿ ಒಂದು ಬೆಕ್ಕು ಸತ್ತ ಮೇಲೆ ಯಾರ ಮನೆಗೂ ಹೋಗಲಿಲ್ಲವಂತೆ. ಆಸ್ಪತ್ರೆಯ ಕೆಲಸ ಆಸ್ಪತ್ರೆಯಲ್ಲಿ ಮುಗಿಸಿ ಬರುತ್ತಿದ್ದರಂತೆ. ಯಾರಾದರೂ ಕರೆದರೆ, ನನಗೆ ಅರ್ಧವೇ ಗೊತ್ತಿರುವುದು ಎನ್ನುತ್ತಿದ್ದರಂತೆ.

ನಾನು ಕುರ್ಚಿಯಿಂದ ಎದ್ದು ನಿಂತೆ. ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗರು ನಿಲ್ಲುವ ಹಾಗೆ. ಆ ಪುಡಿ ತಂದದ್ದು ನಾನು, ಹಾಕಿದ್ದು ನಾನು, ಅಕ್ಕನಿಗೆ ಸುಳ್ಳು ಹೇಳಿದ್ದೂ ನಾನು ಎಂದೆ.

ಅವರಿಗೆ ಆಶ್ಚರ್ಯವಾಗಲಿಲ್ಲ.

"ನೀವು ಬಂದರೆ ಹಾಗೆ ಹೇಳ್ತೀರಿ ಅಂತ ಹೇಳಿದ್ರು. ಮಾಷ್ಟ್ರು ಒಂದು ದಿನ ಬರ್ತಾರೆ, ತಪ್ಪು ತನ್ನದು ಅಂತಾರೆ, ಅವರಿಗೆ ಒಂದು ಲೋಟ ಮಜ್ಜಿಗೆ ಕೊಡು ಅಂತ." ಒಳಗಿಂದ ಲೋಟ ತಂದಿಟ್ಟು ಹೇಳಿದರು, "ಮೊದಲ ಒಂದೆರಡು ವರ್ಷ ಸಂಜೆ ಆದ್ರೆ ಬಾಗಿಲ ಕಡೆ ನೋಡ್ತಿದ್ರು."

ಮಜ್ಜಿಗೆ ಕುಡಿದೆ. ಅದನ್ನು ಕುಡಿಯದೆ ಬರುವ ಧೈರ್ಯವೂ ನನಗಿರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಬೇಕೆಂದು ಬಸ್ಸಿನುದ್ದಕ್ಕೂ ವಾಕ್ಯಗಳನ್ನು ಜೋಡಿಸಿದ್ದೆ. ಅವಳು ಬಾಗಿಲು ತೆರೆದು ಎಲ್ಲಿಗೆ ಹೋಗಿದ್ದೆ ಎಂದು ಕೂಡ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡೆ.

ಈ ವರ್ಷ ಅಕ್ಕ ಹಾಸಿಗೆ ಹಿಡಿದಳು. ಕೊನೆಯ ವಾರಗಳಲ್ಲಿ ಅವಳಿಗೆ ಮತ್ತೆ ಮಾತು ಬಂತು. ಗಂಡನ ಮನೆಯವರನ್ನು ಒಬ್ಬೊಬ್ಬರಾಗಿ ನೆನೆದು, ಯಾರ ಮೇಲೂ ಏನೂ ಇಲ್ಲ ಎಂದಳು. ಸಾಹುಕಾರರನ್ನೂ ನೆನೆದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, "ಆ ಕಂಪೌಂಡರ ಮೇಲೆ ಇದ್ದದ್ದನ್ನೂ ಬಿಟ್ಟೆ ಮಾರಾಯ. ಪಾಪ, ಬೇಕು ಅಂತ ಮಾಡಿದ್ದಲ್ಲವಲ್ಲ" ಎಂದಳು.

ನನ್ನ ಕೈಯಲ್ಲಿ ಚಮಚವಿತ್ತು.

"ಒಳ್ಳೆಯದಾಯ್ತು" ಎಂದೆ. ಇನ್ನೊಂದು ಚಮಚ ಗಂಜಿ ಕುಡಿಸಿದೆ.

ಅವಳು ಹೋಗಿ ಮೂರು ತಿಂಗಳಾಯಿತು. ಸೀರೆಗಳನ್ನು ಬೇಕಾದವರಿಗೆ ಕೊಟ್ಟಾಯಿತು, ಟ್ರಂಕು ಖಾಲಿಯಾಯಿತು. ಹೇಳಲು ಈಗ ಯಾವ ಅಡ್ಡಿಯೂ ಇಲ್ಲ.