ಮೆಕ್ಯಾನಿಕ್ಕನ ಬಲಗಿವಿ

ನಮ್ಮೂರಿನ ಬಸ್ ಡಿಪೋದ ಎರಡನೆಯ ಶೆಡ್ಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೆಕ್ಯಾನಿಕ್ ಆಗಿದ್ದಾನೆ. ಬಸ್ಸಿಗೆ ಏನಾಗಿದೆಯೆಂದು ಅವನು ಕಣ್ಣಿನಿಂದ ನೋಡುವುದು ಕಡಿಮೆ. ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾನೆ. ಸ್ವಲ್ಪ ಹೊತ್ತು ಸುತ್ತ ನಿಂತವರು ಯಾರೂ ಮಾತಾಡುವಂತಿಲ್ಲ.

"ನೀರಿನ ಪಂಪಿನ ಬೇರಿಂಗ್ ಹೋಗಿದೆ. ಇನ್ನು ನಾಲ್ಕು ದಿನ ಓಡಿಸಿದ್ರೆ ನಡುದಾರೀಲಿ ಕೂತ್ಕೊಳ್ಳತ್ತೆ," ಎನ್ನುತ್ತಾನೆ. ಬಿಚ್ಚಿ ನೋಡಿದರೆ ಬೇರಿಂಗೇ ಹೋಗಿರುತ್ತದೆ.

"ಇವನಿಗಿರೋದು ಒಂದೇ ಕಿವಿ, ಆದ್ರೆ ಇಡೀ ಡಿಪೋಗೆ ಸಾಕು," ಎಂದು ಡ್ರೈವರುಗಳು ತಮಾಷೆ ಮಾಡುತ್ತಾರೆ. ಅದು ನಿಜವೂ ಹೌದು. ಅವನ ಬಲಗಿವಿ ಪೂರ್ತಿ ಸತ್ತಿದೆ. ಶಾಲಾ ಸಮವಸ್ತ್ರಗಳನ್ನು ಹೊಲಿಯುವ ಅವನ ಹೆಂಡತಿ ಇದಕ್ಕೆ ತಕ್ಕ ಹಾಗೆ ಸಂಸಾರವನ್ನು ಹೊಂದಿಸಿಕೊಂಡಿದ್ದಾಳೆ. "ಜಗಳ ಆಡೋಕೆ ಎಡಗಡೆ ಬರ್ತೀನಿ, ಗೊಣಗೋಕೆ ಬಲಗಡೆ ಹೋಗ್ತೀನಿ," ಎಂದು ಅವಳೇ ಒಮ್ಮೆ ನನಗೆ ಹೇಳಿ ನಕ್ಕಿದ್ದಳು.

ನಾನು ಮೂವತ್ತೊಂದು ವರ್ಷ ವ್ಯಾಕರಣ ಕಲಿಸಿದ್ದು ಹಾಸ್ಟೆಲ್ ಇದ್ದ ಗಂಡುಮಕ್ಕಳ ಶಾಲೆಯಲ್ಲಿ. ಆ ಶಾಲೆಯನ್ನು ನೆನೆದರೆ ಇಂದಿಗೂ ನನಗೆ ಪ್ರೀತಿ ಉಕ್ಕುತ್ತದೆ. ಸಾಲಾಗಿ ಇಟ್ಟ ತಗಡಿನ ಟ್ರಂಕುಗಳು, ಜಗಲಿಯ ಕಂಬಿಗಳ ಮೇಲೆ ಒಣಗುವ ಟವೆಲುಗಳು, ಬೆಳಗಿನ ಗಂಟೆ ಬಾರಿಸಿದ ಕೂಡಲೇ ಏಳುತ್ತಿದ್ದ ಗಲಾಟೆ. ಈ ಹುಡುಗ ಅಲ್ಲಿ ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ. ಒಂಬತ್ತನೆಯ ತರಗತಿಯ ಅರ್ಧದಲ್ಲಿ ಅವನ ಬಲಗಿವಿ ಹಾಳಾಯಿತು. ಆಮೇಲೆ ಯಾರು ಏನು ಕೇಳಿದರೂ ಕತ್ತು ತಿರುಗಿಸಿ "ಆಂ?" ಎನ್ನುತ್ತಿದ್ದ. ಹುಡುಗರು ಅದನ್ನೇ ಹೆಸರು ಮಾಡಿಬಿಟ್ಟರು. ಆ ವರ್ಷ ಮುಗಿಯುವ ಹೊತ್ತಿಗೆ ಅವನಿಗೆ 'ಆಂ' ಅಲ್ಲದೆ ಬೇರೆ ಹೆಸರೇ ಉಳಿದಿರಲಿಲ್ಲ. ವರ್ಷದ ಕೊನೆಗೆ ಅವನ ತಂದೆ ಬಂದು ಶಾಲೆ ಬಿಡಿಸಿ ಕರೆದುಕೊಂಡು ಹೋದರು.

ಈ ವರ್ಷ ಅವನ ತರಗತಿಯವರಿಗೆ ಶಾಲೆ ಬಿಟ್ಟು ಮೂವತ್ತು ವರ್ಷ. ಎಲ್ಲರೂ ಸೇರಿ 'ನಾವು ಈಗ' ಎಂಬ ಪುಸ್ತಕ ತರಲು ಹೊರಟರು. ಒಬ್ಬೊಬ್ಬರೂ ತಾವು ಈಗ ಏನಾಗಿದ್ದೇವೆ ಎಂದು ಒಂದು ಪುಟ ಬರೆಯಬೇಕು, ಭಾಷೆಯನ್ನು ನಾನು ತಿದ್ದಬೇಕು. ಇದರ ಮುಂದಾಳು ಅಂದಿನ ಕ್ಲಾಸ್ ಲೀಡರ್. ಅವನನ್ನು ಎಲ್ಲರೂ ಈಗಲೂ ಲೀಡರ್ ಎಂದೇ ಕರೆಯುತ್ತಾರೆ. ಕಚೇರಿಗಳಿಗೆ ಹೋಗಿ, ಕೈಕೆಳಗಿನವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ತರಬೇತಿ ಕೊಡುವುದು ಅವನ ಉದ್ಯೋಗ.

ನಾನು ಸಂತೋಷದಿಂದಲೇ ಕೆಂಪು ಪೆನ್ನು ಹಿಡಿದು ಕುಳಿತೆ. ಹತ್ತು ಪುಟ ಓದುವಷ್ಟರಲ್ಲಿ ಬಾಯಿ ಕಹಿಯಾಯಿತು. ಒಬ್ಬ ತಾನು ಇಳಿಸಿದ ಹದಿನೆಂಟು ಕಿಲೋ ತೂಕದ ಬಗ್ಗೆ ಎರಡು ಪುಟ ಬರೆದಿದ್ದ, ಹೆಂಡತಿಗೆ ಅರ್ಧ ಸಾಲು ಕೊಟ್ಟಿದ್ದ. ಇನ್ನೊಬ್ಬ ತನ್ನ ನಾಯಿಯ ವಂಶಾವಳಿಯನ್ನು ವಿವರಿಸಿ, ತಂದೆ ತೀರಿಕೊಂಡದ್ದನ್ನು ಆವರಣ ಚಿಹ್ನೆಯೊಳಗೆ ತುರುಕಿದ್ದ. ಒಳ್ಳೆಯದೆಲ್ಲಕ್ಕೂ ಕರ್ತೃಪದ ಎದ್ದು ನಿಂತಿತ್ತು: ನಾನು ಕಟ್ಟಿದೆ, ನಾನು ಬೆಳೆಸಿದೆ, ನಾನು ಏರಿದೆ. ಕೆಟ್ಟದ್ದು ಮಾತ್ರ ತಾನೇ ತಾನಾಗಿ ಆಗಿತ್ತು: ಮೊದಲ ಮದುವೆ ಮುರಿದುಹೋಯಿತು, ಕೆಲವರನ್ನು ಕೆಲಸದಿಂದ ತೆಗೆಯಬೇಕಾಗಿ ಬಂತು. ಲೀಡರ್ ಬರೆದದ್ದು ಹೀಗಿತ್ತು: "ಎಳವೆಯ ತುಂಟಾಟಗಳಲ್ಲಿ ಗೆಳೆಯನೊಬ್ಬನ ಕಿವಿಗೆ ಪೆಟ್ಟಾಯಿತು. ಆ ನೋವು ಇಂದಿಗೂ ನನ್ನನ್ನು ಕಾಡುತ್ತದೆ." ಪೆಟ್ಟು ಅವನಿಗೆ, ನೋವು ಇವನಿಗೆ! ಕಾಗದವನ್ನು ಮುಟ್ಟಿದ ಬೆರಳುಗಳನ್ನು ತೊಳೆದುಕೊಳ್ಳಬೇಕೆನ್ನಿಸಿತು.

ಮೆಕ್ಯಾನಿಕ್ ತನ್ನ ಪುಟವನ್ನು ತಾನೇ ತಂದುಕೊಟ್ಟ. ಡಿಪೋದ ಹಳೆಯ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಐದು ಸಾಲು.

"ತಪ್ಪಿದ್ರೆ ತಿದ್ದಿ ಸಾರ್. ಮೂರನೇ ಸಾಲು ಮಾತ್ರ ಮುಟ್ಬೇಡಿ."

ಮೂರನೆಯ ಸಾಲು ಓದಿದೆ. "ಒಂಬತ್ತನೆಯ ತರಗತಿಯಲ್ಲಿ, ತನ್ನ ಶೂಗೆ ಪಾಲಿಶ್ ಹಾಕಲು ಒಪ್ಪಲಿಲ್ಲವೆಂದು ಲೀಡರ್ ನನ್ನ ಬಲಗಿವಿಗೆ ಮೂರು ಸಲ ಹೊಡೆದನು." ಲೀಡರ್ ಎಂಬಲ್ಲಿ ಅವನ ಪೂರ್ತಿ ಹೆಸರನ್ನೇ ಬರೆದಿದ್ದ. ಕರ್ತೃ, ಕರ್ಮ, ಕ್ರಿಯಾಪದ, ಒಂದೂ ತಪ್ಪಿಸಿಕೊಂಡಿರಲಿಲ್ಲ.

"ಇಷ್ಟು ವರ್ಷದ ಮೇಲೆ ಯಾಕಪ್ಪಾ?"

"ಅಮ್ಮನಿಗೆ ಸಾರ್. ಎಪ್ಪತ್ತೈದಾಯ್ತು. ಮಂಗನ ಹಾಗೆ ಮರ ಹತ್ತಿ ಕಿವಿ ಕಳ್ಕೊಂಡ ಅಂತ ಇವತ್ತಿಗೂ ಬಂದೋರ ಮುಂದೆಲ್ಲ ಹೇಳ್ತಾಳೆ. ಅಪ್ಪ ಅದನ್ನ ನಂಬ್ಕೊಂಡೇ ಹೋದ್ರು. ಅಮ್ಮನಾದ್ರೂ ತಿಳ್ಕೊಂಡು ಹೋಗ್ಲಿ ಅಂತ."

"ನೀನೇ ಹೇಳಬಾರದಾ?"

"ಹೇಳಿದೀನಿ. ಬಾಯಿಮಾತು ನಂಬಲ್ಲ ಅವಳು. ಶಾಲೆಯೋರು ಕಾಗದ ಟೈಪ್ ಮಾಡಿ ಮೊಹರು ಹಾಕಿ ಕಳ್ಸಿದಾರೆ, ಅದು ಸುಳ್ಳು ನೀನು ನಿಜಾನಾ ಅಂತಾಳೆ. ಅಚ್ಚಾಗಿ ಬಂದ್ರೆ ನಂಬ್ತಾಳೆ." ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾ ಮುಂದುವರಿಸಿದ. "ಕಾಗದ ಚೆನ್ನಾಗಿತ್ತು ಸಾರ್. ಒಂದು ಕಾಗುಣಿತ ತಪ್ಪಿರ್ಲಿಲ್ಲ."

ಆ ಕಾಗದದ ಒಕ್ಕಣೆ ನನ್ನದು. ಅದು ಅವನಿಗೆ ಗೊತ್ತಿತ್ತು. ಲೀಡರನ ಸೋದರಮಾವ ಶಾಲೆಯ ಆಡಳಿತ ಮಂಡಳಿಯಲ್ಲಿದ್ದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ನಿಮ್ಮ ಭಾಷೆ ಚೆನ್ನಾಗಿದೆ, ಗಲಾಟೆಯಾಗದ ಹಾಗೆ ನಾಲ್ಕು ಸಾಲು ಬರೆದುಕೊಡಿ," ಎಂದಿದ್ದರು. ನಾನು ಬರೆದುಕೊಟ್ಟೆ. "ತಮ್ಮ ಮಗನು ಮರ ಹತ್ತಿ, ಬಿದ್ದು, ಕಿವಿಗೆ ಪೆಟ್ಟು ಮಾಡಿಕೊಂಡಿರುತ್ತಾನೆ." ಹೊಡೆಸಿಕೊಂಡವನ ತಲೆಗೇ ಅಪರಾಧ ಕಟ್ಟಲು 'ಕೊಂಡು' ಎಂಬ ಎರಡಕ್ಷರ ಸಾಕಾಗಿತ್ತು.

"ಆ ಸಾಲನ್ನು ಯಾರೂ ಮುಟ್ಟುವುದಿಲ್ಲ," ಎಂದು ಅವನಿಗೆ ಮಾತು ಕೊಟ್ಟೆ.

ಪುಟಗಳನ್ನು ಕಳುಹಿಸಿದ ಮರುದಿನವೇ ಲೀಡರ್ ಫೋನ್ ಮಾಡಿದ.

"ಸಾರ್, ಇದು ಸಂತೋಷದ ಪುಸ್ತಕ. ಹಳೇ ಕಸ ಯಾಕೆ ಕೆದಕೋದು? ನೀವು ವ್ಯಾಕರಣ ಪಂಡಿತರು, ಸ್ವಲ್ಪ ಮೆತ್ತಗೆ ಮಾಡಿ. ಪೆಟ್ಟಾಯಿತು ಅಂದ್ರೆ ಮುಗೀತಲ್ಲ."

"ಪೆಟ್ಟು ತಾನಾಗಿ ಆಗಲ್ಲಪ್ಪಾ. ನೀನು ಹೊಡೆದೆ."

"ಮಕ್ಕಳಾಟ ಸಾರ್ ಅದು. ಅದಕ್ಕೇ ನಾವೆಲ್ಲ ಸೇರಿ 'ಆಂ'ಗೆ ಕಿವಿ ಮಿಷನ್ ಕೊಡ್ತಾ ಇದೀವಿ, ವೇದಿಕೆ ಮೇಲೆ. ಫೋಟೋಗ್ರಾಫರ್‌ಗೂ ಹೇಳಿದೀನಿ."

"ಸತ್ತ ಕಿವಿಗೆ ಮಿಷನ್ ಹಾಕಿ ಏನು ಬಂತು? ಅವನನ್ನ ಒಂದು ಮಾತು ಕೇಳಿದ್ರಾ?"

"ಕೇಳಿಬಿಟ್ರೆ ಸರ್‌ಪ್ರೈಸ್ ಎಲ್ಲಿರತ್ತೆ ಸಾರ್?"

ಒಂದಕ್ಷರವೂ ಬದಲಾಗಕೂಡದು ಎಂದೆ. "ಆಯ್ತು ಸಾರ್, ನಿಮ್ಮಿಷ್ಟ," ಎಂದು ಅವನು ನಯವಾಗಿ ಫೋನ್ ಇಟ್ಟ. ಆ ನಯವನ್ನು ನಾನು ನಂಬಿದೆ.

ಸಮಾರಂಭ ನಡೆದದ್ದು ಒಂದು ಹೋಟೆಲಿನ ಸಭಾಂಗಣದಲ್ಲಿ. ಬಾಗಿಲಲ್ಲೇ ಎಲ್ಲರ ಎದೆಗೂ ಹೆಸರಿನ ಚೀಟಿ ಸಿಕ್ಕಿಸುತ್ತಿದ್ದರು. ಮೆಕ್ಯಾನಿಕ್ಕನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಆಂ' ಎಂದಿತ್ತು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಅದನ್ನು ಸಿಕ್ಕಿಸಿಕೊಳ್ಳದೆ ಕೈಯಲ್ಲೇ ಮಡಚಿ ಹಿಡಿದುಕೊಂಡಿದ್ದ. ಪುಸ್ತಕ ಹಂಚಿದರು. ಅವನು ನಿಂತಲ್ಲೇ ತನ್ನ ಪುಟ ತೆಗೆದು ಓದಿ, ನನ್ನ ಕೈಗೆ ಕೊಟ್ಟ. ಮೂರನೆಯ ಸಾಲು ಹೀಗೆ ಅಚ್ಚಾಗಿತ್ತು: "ಒಂಬತ್ತನೆಯ ತರಗತಿಯಲ್ಲಿ ಮರ ಹತ್ತಲು ಹೋಗಿ ಬಿದ್ದು ಬಲಗಿವಿಯನ್ನು ಕಳೆದುಕೊಂಡೆ."

ಕಳೆದುಕೊಂಡೆ! ಈಗ ಸುಳ್ಳನ್ನು ಅವನ ಬಾಯಿಂದಲೇ ಹೇಳಿಸಿದ್ದರು.

ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ಲೀಡರ್ ತನ್ನ ಕೈಯಾರೆ ಆ ಯಂತ್ರವನ್ನು ಅವನ ಬಲಗಿವಿಗೆ ತೂರಿಸಿ, ಕ್ಯಾಮೆರಾದ ಕಡೆ ಮುಖ ಮಾಡಿ, ಮೈಕಿನಲ್ಲಿ ಕೇಳಿದ: "ಈಗ ಕೇಳಿಸ್ತಾ ಇದೆಯೇನೋ, ಆಂ?"

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಬಾಯಲ್ಲಿ ತಿಂಡಿಯಿದ್ದವರೂ ನಕ್ಕರು.

"ಎಡಗಿವೀಲಿ ಮೊದಲಿಂದ್ಲೂ ಕೇಳಿಸ್ತಾನೇ ಇದೆ," ಎಂದ ಮೆಕ್ಯಾನಿಕ್. ಯಂತ್ರವನ್ನು ಕಿತ್ತು ಲೀಡರನ ಕೋಟಿನ ಜೇಬಿಗೆ ಹಾಕಿದ. "ಇದು ನಿಂಗೇ ಬೇಕಾಗತ್ತೆ, ಇಟ್ಕೋ."

ಅದನ್ನೂ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ನಲವತ್ತಾರು ದಾಟಿದ ಆ ನುಣುಪು ಮುಖಗಳನ್ನು ಒಂದೊಂದಾಗಿ ನೋಡಿದೆ. ಎಲ್ಲರಿಗೂ ನಾನೇ ಅಕ್ಷರ ತಿದ್ದಿಸಿದವನು. ಊಟಕ್ಕೆ ನಿಲ್ಲದೆ ಹೊರಗೆ ಬಂದುಬಿಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದರು, ತೊಡೆಯ ಮೇಲೆ ಅದೇ ಪುಸ್ತಕ. ಮಗನ ಚೀಲದಿಂದ ತಾವೇ ತೆಗೆದು ಓದಿದ್ದರಂತೆ.

"ಬನ್ನಿ ಮೇಷ್ಟ್ರೇ. ನೋಡಿ, ಕೊನೆಗೂ ಒಪ್ಕೊಂಡಿದಾನೆ ನನ್ಮಗ. ಅಚ್ಚಲ್ಲೇ ಇದೆ. ಇಷ್ಟು ದಿನ ಯಾರ ಮೇಲೋ ಹಾಕ್ತಿದ್ದ."

ಮೆಕ್ಯಾನಿಕ್ ಬಾಗಿಲಿಗೆ ಒರಗಿ ನಿಂತಿದ್ದ. ವಾದಿಸಲೂ ಬೇಸರವಾದವನ ಮುಖ. ಒಳಗೆ ಹೆಂಡತಿಯ ಹೊಲಿಗೆ ಯಂತ್ರ ನಿಂತಿತು.

ನಾನು ನಡೆದದ್ದೆಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವವರೆಗೆ ಆ ತಾಯಿ ಕಣ್ಣು ಮಿಟುಕಿಸಲಿಲ್ಲ.

"ಬಾಯಲ್ಲಿ ಹೇಳಿದ್ದು ಯಾರಿಗೆ ಬೇಕು?" ಎಂದರು. "ಆವತ್ತು ಬರೆದಿರಲ್ಲ, ಇವತ್ತೂ ಬರೀರಿ."

ಸೊಸೆ ಕಾಗದ ಪೆನ್ನು ತಂದಿಟ್ಟಳು. ನಾನು ಬರೆದು ಕೊಟ್ಟೆ. ಅವರು ದಾರ ಕಟ್ಟಿದ ಕನ್ನಡಕ ಏರಿಸಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಲೀಡರನ ಹೆಸರು, ಮೂರು ಸಲ ಹೊಡೆದದ್ದು, ಎಲ್ಲ ಸರಿಯಾಗಿತ್ತು. ಎರಡನೆಯ ವಾಕ್ಯದ ಕೊನೆಗೆ ಬೆರಳು ನಿಂತಿತು.

"ನಿಜವನ್ನು ಮುಚ್ಚಿಟ್ಟು ತಂದೆತಾಯಿಗಳಿಗೆ ಸುಳ್ಳು ಕಾಗದ ಕಳುಹಿಸಲಾಯಿತು." ತಲೆ ಎತ್ತಿದರು. "ಕಳುಹಿಸಲಾಯಿತು. ಯಾರು ಕಳ್ಸಿದ್ದು ಮೇಷ್ಟ್ರೇ, ಅಂಚೆಯವನಾ?"

ಬಾಗಿಲ ಬಳಿ ಮೆಕ್ಯಾನಿಕ್ ಪಕ್ಕನೆ ನಕ್ಕುಬಿಟ್ಟ.

ನಾನು ಯೋಚಿಸಿ ಬರೆದದ್ದಲ್ಲ ಅದು. ನನ್ನ ಕೈ ತಾನೇ ಆ ದಾರಿ ಹಿಡಿದಿತ್ತು. ಆ ಪುಸ್ತಕದ ಪುಟಗಳನ್ನು ಓದುವಾಗ ಹುಟ್ಟಿದ ಹೇಸಿಗೆ ಈಗ ನನ್ನ ಕೈಯ ಮೇಲೇ ಹುಟ್ಟಿತು. ಆ ಪದವನ್ನು ಹೊಡೆದುಹಾಕಿ, "ನಾನು ಬರೆದೆನು" ಎಂದು ಬರೆದು, ಕೆಳಗೆ ಸಹಿ ಹಾಕಿದೆ.

ಅವರು ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಮಗನ ಕಡೆ ತಿರುಗಿದರು.

"ಅಪ್ಪ ಆ ಕಾಗದ ಓದಿ ನಿನ್ನ ಹೊಡೆದ್ರಲ್ಲೋ."

"ಬಿಡಮ್ಮ. ಅದೆಲ್ಲ ಯಾವ ಕಾಲದ್ದು."

"ನಾನು ಆಗ, ಈಗ ನೀನು ನಿಂತಿರೋ ಹಾಗೇ ಬಾಗಿಲಲ್ಲಿ ನಿಂತಿದ್ದೆ." ಕಾಗದವನ್ನು ನನ್ನ ಕಡೆ ತಳ್ಳಿದರು. "ಅದನ್ನೂ ಬರೀರಿ."

"ತಾಯಿ ತಡೆಯಲಿಲ್ಲ ಅಂತ ಬರೀಲಾ?"

"ಯಾವ ತಾಯಿ? ನಾನು ತಡೀಲಿಲ್ಲ ಅಂತ ಬರೀರಿ. ನನ್ ಸಹಿಗೂ ಜಾಗ ಬಿಡಿ."

ಬರೆದೆ. ಅವರು ಸಹಿ ಹಾಕುವಾಗ ಮೆಕ್ಯಾನಿಕ್ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅವರ ಕೈ ಅವನ ಬಲಗಿವಿಯ ಮೇಲೆ ಬಂತು. ಏನೋ ಹೇಳಿದರು. ಅವನು ಕತ್ತು ತಿರುಗಿಸಿ, "ಆಂ?" ಎಂದ. ಈ ಸಲ ಯಾರೂ ನಗಲಿಲ್ಲ. ಅವರು ಇನ್ನೊಮ್ಮೆ ಹೇಳಿದರು. ಅದು ತಾಯಿ ಮಗನ ಮಾತು. ನಾನು ಎದ್ದು ಮೆಟ್ಟಿಲಿನ ಕಡೆ ನಡೆದೆ.

ಆ ಮನೆಯಲ್ಲಿ ನನಗೆ ಯಾರೂ ಒಂದು ಲೋಟ ಚಹಾ ಬೇಕೇ ಎಂದು ಕೇಳಲಿಲ್ಲ. ಕೇಳಿದ್ದರೂ ಕುಡಿಯುವ ಮುಖ ನನಗಿರಲಿಲ್ಲ.