ಅಕ್ಕೋರು ತಂದ ರೊಟ್ಟಿಯ ಚೂರು

ಮಾರ್ಚ್ ತಿಂಗಳ ಒಂದು ಸೋಮವಾರ, ಸಂಜೆ ಐದೂ ಮುಕ್ಕಾಲು. ಅಕ್ಕೋರ ಬಲಗೆನ್ನೆಯ ಗುಳಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ನಗುವಾಗ ಬೀಳುವ ಗುಳಿಯಲ್ಲ. ಒಳಗೆ ಆಸರೆಯಿಲ್ಲದೆ ಕೆನ್ನೆ ಕುಸಿದು ಆದ ತಗ್ಗು. ಆ ಬದಿಯಲ್ಲಿ ಅವರಿಗೆ ಒಂದೂ ದವಡೆ ಹಲ್ಲು ಇರಲಿಲ್ಲ.

ನಾನು ಗಲ್ಲ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದೆ. ಹಿಂದಿನ ಶನಿವಾರ ಕೆಳಗಿನ ದವಡೆ ಹಲ್ಲಿಗೆ ಫಿಲ್ಲಿಂಗ್ ಮಾಡಿಸಿದ್ದೆ. ಈ ಸೋಮವಾರ ಬಿಸಿಲಲ್ಲಿ ಕಚೇರಿಯಿಂದ ಬಂದು ಗಡಿಗೆಯ ನೀರು ಕುಡಿದಾಗ ನೋವು ಕಿವಿಯವರೆಗೂ ಹರಿದಿತ್ತು.

"ಏನಾತ ಬೇ?" ಎಂದು ಅವರು ಬಗ್ಗಿ ಕೇಳಿದರು.

ರಾಯಚೂರಿನ ಆ ಮಾಳಿಗೆಯ ಮೇಲೆ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ನಾನು ಮಾನ್ವಿ ತಾಲ್ಲೂಕಿನ ಬಾಗಲವಾಡದವಳು. ಅವರು ದೇವದುರ್ಗದ ಕಡೆಯವರು, ಮಸರಕಲ್. ದಿನವೂ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದರು. ಶಾಲೆಯ ಮಕ್ಕಳಂತೆ ನಾನೂ ಅಕ್ಕೋರು ಎನ್ನುತ್ತಿದ್ದೆ. ಅವರಿಗೆ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಗೋಡೆಯ ಆಚೆ ಅವರು ಒಬ್ಬರೇ ಉಣ್ಣುತ್ತಿದ್ದರು, ಈಚೆ ನಾನೊಬ್ಬಳೇ. ಅಂದಿನವರೆಗೆ ನಮ್ಮ ಮಾತು ನಳ ಬಂತೇ, ಕರೆಂಟು ಹೋಯಿತೇ ಎಂಬಲ್ಲಿಗೆ ಮುಗಿಯುತ್ತಿತ್ತು.

ಆ ರಾತ್ರಿಯ ಊಟಕ್ಕೆ ಕರೆದರು. ರೊಟ್ಟಿಯನ್ನು ಚೂರು ಚೂರಾಗಿ ಮುರಿದು ಬಿಸಿ ಸಾರಿನಲ್ಲಿ ನೆನೆಸಿ, ಮೆತ್ತಗಾಗುವವರೆಗೆ ತಟ್ಟೆಗೆ ಕೈ ಹಾಕಲು ಬಿಡಲಿಲ್ಲ. ಅವರದೂ ಅದೇ ಊಟ. ಆಮೇಲೆ ಅದೇ ರೂಢಿಯಾಯಿತು. ಊಟವಾದ ಮೇಲೆ ನಾನು ಡೈರಿ ತೆಗೆಯುತ್ತಿದ್ದೆ. ತಣ್ಣಗಿನದು ತಾಗಿ ಬಂದ ನೋವಿಗೆ ಒಂದು ಗೆರೆ, ಕಡಿದಾಗ ಬಂದ ನೋವಿಗೆ ಇನ್ನೊಂದು.

"ಇದೇನಿದು, ನೋವಿಗಿ ಹಾಜರಿ ಹಾಕಾಕತ್ತೀಯೇನು?" ಎಂದು ನಕ್ಕರು. "ಒಂದಿನಾನೂ ಸಾಲಿ ತಪ್ಪಿಸಿಲ್ಲ ನೋಡು, ಭಾಳ ಶಾಣ್ಯಾ ಅದ."

ಗುರುವಾರ ಅವ್ವ ಊರಿನಿಂದ ಫೋನಿನಲ್ಲಿ ಸಿಟ್ಟಾದಳು. "ಕಿತ್ತಿಸಿ ಒಗಿ ಬೇ. ಒಂದು ಹಲ್ಲಿಗಿ ಎಷ್ಟು ದಿನ ಅಳಾಕಿ?" ನನಗೂ ಸಾಕಾಗಿತ್ತು. ಶನಿವಾರ ಕೀಳಿಸಿಬಿಡುತ್ತೇನೆ ಎಂದೆ. ಎದುರಿಗೆ ಉಣ್ಣುತ್ತಿದ್ದ ಅಕ್ಕೋರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು.

"ನಾನೂ ಒಂದೊಂದೂ ಹಿಂಗ ಕಿತ್ತಿಸೀನಿ. ನಮ್ಮ ಮನ್ಯಾಗ ಮೊದಲನೇ ನೌಕರಿ ನಂದು. ಅವ್ವ-ಅಪ್ಪ ಕೂಲಿ ಮಾಡಿ ಓದಿಸಿದ್ರು. ಹಲ್ಲುನೋವು ಅಂತ ರಜಾ ಕೇಳಾಕ ಅಂಜಿಕಿ. ನಾಕು ಸಲ ತಿರುಗೋದಕ್ಕಿಂತ ಒಮ್ಮೆ ಕಿತ್ತಿಸಿದ್ರ ಮುಗೀತು ಅನಸ್ತಿತ್ತು. ಈಗ ನೋಡು, ಈ ಕಡಿ ಅಗಿಯಾಕ ಏನೂ ಉಳದಿಲ್ಲ. ನೀ ಒಬ್ಬಾಕಿ ಹೋಗಬ್ಯಾಡ, ನಾ ಬರ್ತೀನಿ."

ಶನಿವಾರ ಅವರದು ಬೆಳಗಿನ ಶಾಲೆ. ಮಧ್ಯಾಹ್ನ ಬಸ್ಸಿಳಿದು ನೇರವಾಗಿ ದವಾಖಾನೆಗೇ ಬಂದರು. ನಾನು ಡೈರಿಯ ಗೆರೆಗಳನ್ನು ತೋರಿಸಿ ಕೀಳಿಸಬೇಕು ಎಂದದ್ದಕ್ಕೆ ಡಾಕ್ಟರು ಹುಬ್ಬೇರಿಸಿದರು.

"ಅವಸರ ಏನದ ರಿ? ಫಿಲ್ಲಿಂಗ್ ಆಳದಾಗ ಅದ. ತಣ್ಣಗಿಂದು ತಾಗಿದ್ರ ಕೆಲವು ವಾರ ಜುಮ್ ಅಂತದ, ತಾನ ಕಮ್ಮಿ ಆಗ್ತದ. ಆದ್ರ ಕಡಿದ್ರ ಯಾಕ ನೋವು? ಫಿಲ್ಲಿಂಗ್ ಎತ್ತರಾಗಿ ಮ್ಯಾಲಿನ ಹಲ್ಲಿಗಿ ತಾಗ್ತದೇನು ಅಂತ ಅವತ್ತ ಕೇಳಿದ್ನೆಲ್ಲ?"

"ಕೇಳಿದ್ರಿ ಸರ್. ಬರೊಬ್ಬರಿ ಅದ ಅಂದೆ."

"ಖರೇನ ಬರೊಬ್ಬರಿ ಇತ್ತಾ?" ಇದು ಹಿಂದಿನಿಂದ ಅಕ್ಕೋರು.

"ಇಂಜೆಕ್ಷನ್ನಿಗೆ ಬಾಯೆಲ್ಲ ಜೋಮು ಹಿಡಿದಿತ್ತು ರಿ. ಏನೂ ಗೊತ್ತಾಗಲಿಲ್ಲ. ಹೊರಗ ಮಂದಿ ಕುಂತಿದ್ರು, ಸರ್‌ಗೆ ತ್ರಾಸ ಯಾಕಂತ…"

"ನೋಡ್ರಿ ಸರ್! ನಮ್ಮ ಹುಡುಗ್ರೂ ಹಿಂಗ. ತಿಳೀತಾ ಅಂದ್ರ ಹೂಂ ರಿ ಅಂತಾರ. ಪರೀಕ್ಷಾದಾಗ ಗೊತ್ತಾಗ್ತದ."

ಡಾಕ್ಟರು ಈ ಸಲ ಇಂಜೆಕ್ಷನ್ ಕೊಡಲಿಲ್ಲ. ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಕಡೆ ಫಿಲ್ಲಿಂಗನ್ನು ಉಜ್ಜಿದರು. "ಈಗ?" ಎಂದರು. ಬರೊಬ್ಬರಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ಕೈ ಅಡ್ಡ ಹಿಡಿದರು. ಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಒಳಗೆ ಗಟ್ಟಿಯಾಗಿ ಒಣಗಿದ ಕಟಕು ರೊಟ್ಟಿಯ ಎರಡು ಚೂರು.

"ಇದನ್ನ ಕಡಿ, ಆಮ್ಯಾಲ ಹೇಳು. ಅವರಿಗಿ ಮರ್ಯಾದಿ ಕೊಡಾಕ ಹೋಗಿ ಹಲ್ಲು ಕಳಕೋಬ್ಯಾಡ."

ಡಾಕ್ಟರು ಮಾಸ್ಕಿನೊಳಗೇ ನಕ್ಕರು. "ಆತು, ರೊಟ್ಟಿ ಪರೀಕ್ಷಾನೂ ಆಗಲಿ."

ಕಡಿದೆ. ಒಂದು ಮೂಲೆಯಲ್ಲಿ ಚಳಕ್ ಎಂದಿತು. "ಇನ್ನೂ ತಾಗ್ತದ ರಿ" ಎಂದೆ. ಹೀಗೆ ಹೇಳುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಮತ್ತೆ ಉಜ್ಜಿದರು. ಎರಡನೆಯ ಚೂರು ಬರೀ ಸದ್ದು ಮಾಡಿತು.

ತಣ್ಣೀರಿನ ಜುಮ್ಮು ಮಾತ್ರ ಬೇಸಿಗೆಯುದ್ದಕ್ಕೂ ಉಳಿಯಿತು, ದಿನದಿಂದ ದಿನಕ್ಕೆ ತೆಳುವಾಗುತ್ತ. ಅದು ಪೂರ್ತಿ ಹೋದ ಮೇಲೂ ನಾವು ಜೊತೆಯಲ್ಲೇ ಉಣ್ಣುತ್ತಿದ್ದೆವು. ಮಳೆಗಾಲದಲ್ಲಿ ಅವರಿಗೆ ದೇವದುರ್ಗ ತಾಲ್ಲೂಕಿಗೆ ವರ್ಗವಾಯಿತು. ಆಗಾಗ ಫೋನು ಮಾಡುತ್ತಿದ್ದರು. ಹೇಗಿದ್ದೀರಿ ಎಂದರೆ "ನನಗೇನಾಗ್ಯದ, ಆರಾಮ ಇದೀನಿ" ಎನ್ನುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಅವರ ತಮ್ಮ ಫೋನು ಮಾಡಿದರು. "ಅಕ್ಕ ಹೋದಳು ರಿ. ಸಾಲ್ಯಾಗ ಎದಿ ಹಿಡಕೊಂಡು ಕುಂತಳಂತ. ತಿಂಗಳಿಂದ ನೋಯಾಕತ್ತಿತ್ತು ಕಾಣ್ತದ. ನಮಗ ಯಾರಿಗೂ ಹೇಳಿಲ್ಲ ರಿ."

ಮಸರಕಲ್‌ಗೆ ಹೋಗಿ ಮಣ್ಣು ಹಾಕಿ ಬಂದೆ. ಹಲ್ಲು ಗಟ್ಟಿಯಾಗಿದೆ. ಈಗ ಎರಡೂ ಕಡೆ ಅಗಿಯುತ್ತೇನೆ, ಊಟ ಬೇಗ ಮುಗಿಯುತ್ತದೆ.

ಇಲ್ಲಿ ಅವರ ಹೆಸರು ಹಾಕಿಲ್ಲ; ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಆ ಕೊನೆಯ ತಿಂಗಳುಗಳಲ್ಲಿ ದೇವದುರ್ಗದ ಕಡೆ ಅವರೊಡನೆ ಕೆಲಸ ಮಾಡಿದವರು, ಒಂದೇ ಬಸ್ಸಿನಲ್ಲಿ ಓಡಾಡಿದವರು ಇದನ್ನು ಓದಿದರೆ ಒಂದು ಮಾತು ಬರೆಯಿರಿ. ಎದೆ ನೋಯುತ್ತಿದೆ ಎಂದು ಅವರು ನಿಮ್ಮಲ್ಲಿ ಯಾರಿಗಾದರೂ ಹೇಳಿಕೊಂಡಿದ್ದರೇ?