ಅಣ್ಣನ ಕಪ್ಪು, ತಮ್ಮನ ಬಶಿ

...ಹೂವು ನೀಲಿಯದೇ ಇರಬೇಕು. ಹೀಗೆ ಬರೆದ ಕೂಡಲೇ ಅನುಮಾನ. ಆ ಕಾಲದಲ್ಲಿ ನನ್ನ ಕೈ ಹಾದುಹೋದ ಪಿಂಗಾಣಿಯಲ್ಲಿ ಬಹುಪಾಲು ನೀಲಿಯದೇ. ಬೇರೆ ಯಾವುದೋ ಸೆಟ್ಟಿನ ಬಣ್ಣ ಇದಕ್ಕೆ ಇಳಿದಿದ್ದರೂ ಇಳಿದಿರಬಹುದು. ಚಹಾದ ಕಪ್ಪುಗಳು ಆರು ಅನ್ನುತ್ತೇನೆ. ಎಣಿಸಿದ ನೆನಪಿಲ್ಲ. ಸೆಟ್ ಎಂದರೆ ಆರು ಎಂಬ ರೂಢಿಯೇ ಹಾಗೆ ಅನ್ನಿಸುತ್ತಿರಬಹುದು. ಆಣೆ ಮಾಡಿ ಹೇಳಬಲ್ಲದ್ದು ಒಂದೇ: ಕಪ್ಪುಗಳು ಅಣ್ಣನ ಮನೆಯಲ್ಲಿದ್ದವು, ಅವುಗಳ ಬಶಿ, ಅಂದರೆ ಸಾಸರುಗಳು, ತಮ್ಮನ ಮನೆಯಲ್ಲಿದ್ದವು.

೧೯೫೪ರ ಸುಮಾರು. ಸೊಲ್ಲಾಪುರದಲ್ಲಿ ಹಳೆಯ ಸಾಮಾನು ಹರಾಜು ಹಾಕುವ ಅಂಗಡಿಯೊಂದರಲ್ಲಿ ಬೆಲೆ ಕಟ್ಟುವ ಕೆಲಸದಲ್ಲಿದ್ದೆ. ಇಂಗ್ಲಿಷರ ಬಂಗಲೆಗಳು ಖಾಲಿಯಾಗಿದ್ದವು. ಅಕ್ಕಲಕೋಟೆ ಸಂಸ್ಥಾನ ವಿಲೀನವಾದ ಮೇಲೆ ಅಲ್ಲಿಯ ಹಳೆಯ ನೌಕರರ ಮನೆಗಳಿಂದಲೂ ಸಾಮಾನು ಬರುತ್ತಿತ್ತು. ಅದರಲ್ಲಿ ಚಹಾದ ಸೆಟ್ಟುಗಳನ್ನು ಆರಿಸಿ, ಮುಂಬೈಯ ಸಂಗ್ರಾಹಕರಿಗೆ ಕಳಿಸುವುದು ನನ್ನ ಪಾಲು. ತಳದಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ ಈಚಿನದು, ಬರೀ ‘ಇಂಗ್ಲೆಂಡ್’ ಎಂದಿದ್ದರೆ ಹಳೆಯದು, ದೇಶದ ಹೆಸರೇ ಇಲ್ಲದಿದ್ದರೆ ಹೆಚ್ಚಾಗಿ ಇನ್ನೂ ಹಳೆಯದು. ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣಬೇಕು. ಉಗುರಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಸೀಳು ಬಿಟ್ಟಿದ್ದರೆ ‘ಠಪ್’ ಅನ್ನುತ್ತದೆ.

ಅಕ್ಕಲಕೋಟೆ ಬಳಿಯ ವಾಗದರಿಯ ಮಲ್ಲಪ್ಪ ಎಂಬ ರೈತ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟ. ಹತ್ತಿಯ ನಡುವೆ ಕಪ್ಪುಗಳು. ತಳದಲ್ಲಿ ದೇಶದ ಹೆಸರಿರಲಿಲ್ಲ.

“ಮಾರಾಕ ತಂದಿಲ್ರಿ ಸಾಹೇಬ್ರ. ಇವಕ್ಕ ಜೋಡಾಗೋ ಬಶಿ ಹುಡುಕಿ ಕೊಡ್ರಿ.”

“ಇವುಗಳ ಬಶಿ ಎಲ್ಲಿ ಹೋದವು?”

“ತಮ್ಮನ ಮನ್ಯಾಗ ಅದಾವ.”

“ಹಂಗಾದ್ರ ಅವರನ್ನ ಕೇಳ್ರಲ್ಲ.”

“ಅಂವಗ ಕೇಳೋದಕ್ಕಿಂತ ಅಂಗೈಯಾಗ ಚಹಾ ಸುರಕೊಂಡು ಕುಡೀತೀನಿ!”

ಅವರ ತಂದೆ ಅಕ್ಕಲಕೋಟೆಯ ಅತಿಥಿಗೃಹದಲ್ಲಿ ಪಾತ್ರೆಪಗಡದ ಉಸ್ತುವಾರಿ ನೋಡುತ್ತಿದ್ದರು. ಸೆಟ್ಟು ಮೇಲಧಿಕಾರಿಯೊಬ್ಬರು ಮೆಚ್ಚಿ ಕೊಟ್ಟದ್ದು. ತಂದೆ ತೀರಿದ ಮೇಲೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಯಿತು. ಹೊಲ, ಎತ್ತು, ಮನೆ ಎಲ್ಲ ಜಗಳವಿಲ್ಲದೆ ಎರಡು ಪಾಲಾಗಿ, ಕೊನೆಗೆ ಇದೊಂದು ಉಳಿಯಿತು. ಇಬ್ಬರೂ ಬಿಡಲೊಲ್ಲರು. ಕಪ್ಪು ನನ್ನವು ಅಂದ ಅಣ್ಣ. ಬಶಿ ನನ್ನವು ಅಂದ ತಮ್ಮ ಭೀಮಶಾ. ಪಂಚರು ಬೇಸತ್ತು ಹಾಗೇ ಹಂಚಿಬಿಟ್ಟರು. ಅಂದಿನಿಂದ ಏಳೆಂಟು ವರ್ಷ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ.

ಇದು ತೀರ ಒಪ್ಪವಾಗಿದೆ ಅನ್ನಿಸಿದರೆ ಓದುಗರನ್ನು ದೂರುವುದಿಲ್ಲ. ನನಗೂ ಹಾಗೇ ಅನ್ನಿಸುತ್ತದೆ. ಸೆಟ್ಟಿನ ಚಹಾದ ಕಿಟ್ಲಿ ಯಾರ ಪಾಲಿಗೆ ಹೋಯಿತು? ನನ್ನ ನೆನಪಿನಲ್ಲಿ ಅದು ಇಬ್ಬರ ಮನೆಯಲ್ಲೂ ಇದೆ.

ನಮ್ಮ ಕಡೆ ಚಹಾವನ್ನು ಬಶಿಗೆ ಸುರಿದು, ಆರಿಸಿ ಕುಡಿಯುವುದು ರೂಢಿ. ಬಶಿಯಿಲ್ಲದ ಕಪ್ಪಿನಲ್ಲಿ ಬೀಗರಿಗೆ ಚಹಾ ಕೊಟ್ಟರೆ ನಗುತ್ತಾರೆ ಎಂಬುದು ಮಲ್ಲಪ್ಪನ ಕಷ್ಟ. ಹುಡುಕುತ್ತೇನೆ ಎಂದು ಮಾತು ಕೊಟ್ಟು ಒಂದು ಕಪ್ಪನ್ನು ಇಟ್ಟುಕೊಂಡೆ. ಕಪ್ಪಿನ ಪಾದ ಬಶಿಯ ನಡುವಿನ ಬಳೆಯಂಥ ದುಂಡು ಗುಳಿಯಲ್ಲಿ ಅಲುಗದೆ ಕೂರಬೇಕು, ತಿರುಗಿಸಿದರೆ ಸದ್ದಾಗಬಾರದು. ಎಷ್ಟೋ ಬಶಿಗಳು ಗಡಗಡ ಅಂದವು. ಕೊನೆಗೆ ಬಂಗಲೆಯೊಂದರ ಸಾಮಾನಿನಲ್ಲಿ ಸಿಕ್ಕೇ ಸಿಕ್ಕವು. ಬಣ್ಣ, ಹೊಳಪು, ಪಾದ ಎಲ್ಲ ಹೊಂದಿದವು. ಅಂಗಡಿಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಆ ಹೊತ್ತಿಗೇ ಸಿದ್ದವ್ವ ಬಂದಳು. ಮಲ್ಲಪ್ಪನ ತಂಗಿ, ಭೀಮಶಾನ ಅಕ್ಕ, ಅಕ್ಕಲಕೋಟೆಗೆ ಕೊಟ್ಟಿದ್ದರು.

“ನೀವ ಏನ್ರಿ, ನಮ್ಮ ಅಣ್ಣಗ ಬಶಿ ಹುಡುಕಾಂವ್ರು? ಹುಡುಕಬ್ಯಾಡ್ರಿ.”

ಅವಳ ಮಗಳ ಮದುವೆ ಗೊತ್ತಾಗಿತ್ತು. ಅಕ್ಷತೆಯ ಹೊತ್ತಿಗೆ ಹುಡುಗಿಯ ಹಿಂದೆ ಸೋದರಮಾವ ನಿಲ್ಲಬೇಕು. ಅವನು ಬಂದರೆ ನಾನು ಬರುವುದಿಲ್ಲ ಎಂದು ಇಬ್ಬರೂ ಹೇಳಿ ಕಳಿಸಿದ್ದರು.

“ಒಬ್ಬಾಂವನ್ನ ನಿಂದರಿಸಿದ್ರ ಇನ್ನೊಬ್ಬಾಂವ ನನ್ನ ಪಾಲಿಗೆ ಸತ್ತಂಗ,” ಅಂದಳು. “ಈಗರೆ ಒಬ್ಬರದು ಒಬ್ಬರಿಗೆ ಬೇಕಾಗೇದ. ಬ್ಯಾರೆ ಬಶಿ ಸಿಕ್ಕರ ಅದೂ ತೀರಿತು.”

“ಸಿಕ್ಕಾವ ತಾಯಿ. ಮಾತು ಕೊಟ್ಟೀನಿ.”

ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿದಳು. “ಛಲೋ ಅದಾವ, ಪೀಡಾ!” ಅಂದಳು. ಬಶಿಯನ್ನು ಕೆಳಗಿಟ್ಟು, “ಕೊಡೂದಾದ್ರ ನಮ್ಮ ಮನ್ಯಾಗ ಕೊಡ್ರಿ.”

ಹೊಸ ಜೋಡಿಯನ್ನು ಸಾಧ್ಯವಾದಾಗ ಮೂಲದ ಪಕ್ಕದಲ್ಲಿಟ್ಟು ನೋಡಬೇಕೆಂಬುದು ನಮ್ಮ ಕಸುಬಿನ ಪದ್ಧತಿ. ಆ ನೆಪದಲ್ಲಿ ತಮ್ಮನನ್ನೂ ಕರೆಸಬಹುದೆಂದು ಹೊಳೆದದ್ದು ನನಗೋ ಅವಳಿಗೋ, ಈಗ ಹೇಳಲಾರೆ. ಎಸ್.ಟಿ. ಬಸ್ಸು ಹಿಡಿದು ವಾಗದರಿಗೆ ಹೋದದ್ದಂತೂ ನಾನೇ. ಭೀಮಶಾ ಹಿತ್ತಾಳೆಯ ಲೋಟದಿಂದ ಆ ಬಶಿಗೇ ಚಹಾ ಸುರಿದು ನನಗೆ ಕೊಟ್ಟ.

“ಅಣ್ಣಗ ಬಶಿ ಕೊಡಾಂವಲ್ಲ ನಾ.”

“ಕೊಡ್ರಿ ಅನ್ನಾಕತ್ತಿಲ್ಲ. ಅಕ್ಕನ ಮನೀಗೆ ತಂದು ತೋರಸ್ರಿ ಸಾಕು.”

“ತೋರಸಾಕ ಏನಾತು? ಹೊಟ್ಟಿ ಉರಕೋತ ನೋಡಲಿ!”

ಸಿದ್ದವ್ವನ ಪಡಸಾಲೆಯಲ್ಲಿ ಸೊಲ್ಲಾಪುರದ ಚಾದರ ಹಾಸಿತ್ತು. ಅಣ್ಣ ಒಂದು ತುದಿ, ತಮ್ಮ ಇನ್ನೊಂದು ತುದಿ, ನಡುವೆ ನಾನು. ಹೊಸ ಬಶಿಯ ಮೇಲೆ ಕಪ್ಪಿಟ್ಟು ತಿರುಗಿಸಿದೆ. ಸದ್ದಿಲ್ಲ. ಪಕ್ಕದಲ್ಲಿ ತಮ್ಮನ ಬಶಿ ಇಟ್ಟೆ. ಎರಡರ ಹೂವುಗಳೂ ಅಕ್ಕತಂಗಿಯರ ಹಾಗಿದ್ದವು.

“ಜೋಡಾತು,” ಅಂದ ಮಲ್ಲಪ್ಪ, ತಮ್ಮನಿಗೆ ಕೇಳುವಂತೆ. “ಇನ್ನ ಯಾರ ಹಂಗೂ ಇಲ್ಲ.”

ಸಿದ್ದವ್ವನ ಮುಖ ನೋಡಲಾಗಲಿಲ್ಲ. ಅವಳು ಒಳಗೆ ಹೋಗಿ ಚಹಾ ತಂದಳು. “ಒಣಾ ಬಶಿ ನೋಡಿ ಏನ ಕಲ್ತ್ರಿ? ಕುಡದು ನೋಡ್ರಿ,” ಎಂದು ಅಣ್ಣನ ಕಪ್ಪನ್ನು ಅಂಚಿನ ತನಕ ತುಂಬಿದಳು.

ಮಲ್ಲಪ್ಪ ರೂಢಿಯಂತೆ ಕಪ್ಪನ್ನು ಹೊಸ ಬಶಿಗೆ ಬಗ್ಗಿಸಿದ. ಅರ್ಧ ಸುರಿಯುವುದರೊಳಗೆ ಚಹಾ ಅಂಚು ದಾಟಿ ಅವನ ಧೋತರಕ್ಕೆ ಇಳಿಯಿತು. ಹಳೆಯ ಬಶಿಗಳು ಆಳವಾಗಿರುತ್ತಿದ್ದವು. ಇಂಗ್ಲಿಷರ ದೇಶದಲ್ಲೂ ಹಿಂದೆ ಬಶಿಯಲ್ಲೇ ಕುಡಿಯುತ್ತಿದ್ದರು. ಆಮೇಲಿನವು ಕಪ್ಪು ಇಡಲಷ್ಟೇ ಮಾಡಿದವು, ಚಪ್ಪಟೆ. ನನಗೆ ಇದು ಗೊತ್ತಿತ್ತು. ಆದರೆ ನಾನು ನೋಡಿದ್ದು ಬಣ್ಣ ಮತ್ತು ಬಳೆ.

“ಸಾವಕಾಶ ಅಣ್ಣಾ!” ಅಂದ ಭೀಮಶಾ. “ಅದು ಬಶಿ ಅಲ್ಲೋ, ರೊಟ್ಟಿ ಹಂಚು!”

ತಾನು ಅಣ್ಣನಿಗೆ ಮಾತಾಡಿದ್ದು ತನಗೇ ಆಗ ಕೇಳಿಸಿತೇನೋ. ತನ್ನ ಬಶಿಯನ್ನು ಚಾದರದ ಮೇಲೆ ಅಣ್ಣನ ಕಡೆ ಸರಿಸಿದ. ಮಲ್ಲಪ್ಪ ಅದನ್ನು ಎದುರಿಗೆ ಎಳೆದುಕೊಂಡ. ಉಳಿದ ಚಹಾದಲ್ಲಿ ಅರ್ಧವನ್ನು ಅದಕ್ಕೆ ಸುರಿದು, ಕಪ್ಪನ್ನು ತಾನಿಟ್ಟುಕೊಂಡು, ಬಶಿಯನ್ನು ತಿರುಗಿ ತಮ್ಮನ ಕಡೆಗೇ ನೂಕಿದ. ಸೊಲ್ಲಾಪುರದ ಹೋಟೆಲುಗಳಲ್ಲಿ ಇಬ್ಬರು ಗೆಳೆಯರು ಒಂದು ಚಹಾ ಹಂಚಿಕೊಳ್ಳುವುದು ಹೀಗೇ: ಒಬ್ಬನಿಗೆ ಕಪ್ಪು, ಒಬ್ಬನಿಗೆ ಬಶಿ.

“ಕುಡಿ. ಆರತದ,” ಅಂದ.

ಇಬ್ಬರೂ ಸೊರಸೊರ ಕುಡಿದರು. ಸಿದ್ದವ್ವ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ.

ಮದುವೆಗೆ ನನ್ನನ್ನೂ ಕರೆದಿದ್ದರು. ಹುಡುಗಿಯ ಹಿಂದೆ ಇಬ್ಬರು ಸೋದರಮಾವಂದಿರು ನಿಂತಿದ್ದರು. ಇದನ್ನೂ ಅನುಮಾನವಿಲ್ಲದೆ ಬರೆಯುತ್ತಿದ್ದೇನೆ.

ಅಂದಿನಿಂದ ನಾನು ಒಣ ಕಪ್ಪು ನೋಡಿ ಸೆಟ್ಟು ಆರಿಸಲಿಲ್ಲ. ಮೊದಲು ಚಹಾ ಸುರಿದು ನೋಡುತ್ತಿದ್ದೆ. ಮುಂಬೈಯವರು ನಕ್ಕರು, ನಗಲಿ. ಮನೆಗಳಿಂದ ಸಾಮಾನು ಹೊರಗೆ ಸಾಗಿಸುವುದೇ ನನ್ನ ಕಸುಬಾಗಿತ್ತು. ಸಾಮಾನೊಂದು ಮನೆಯಲ್ಲೇ ಉಳಿಯುವುದನ್ನು ಒಮ್ಮೆ ಎದುರಿಗೇ ಕೂತು ನೋಡಿದೆ. ಆ ಚಾದರದ ನಡುವೆ ನನಗೂ ಜಾಗ ಕೊಟ್ಟ ಸಿದ್ದವ್ವನ ಋಣ ನನ್ನ ಮೇಲಿದೆ.

ಸೆಟ್ಟು ಆಮೇಲೆ ಯಾರ ಮನೆಯಲ್ಲಿ ಒಂದಾಯಿತು, ಒಂದಾಯಿತೋ ಇಲ್ಲವೋ, ನನಗೆ ತಿಳಿಯದು. ಹೊಸ ಬಶಿಯನ್ನು ಸಿದ್ದವ್ವ ಎತ್ತಿ, ತಿರುಗಿಸಿ ನೋಡಿದ್ದಳಲ್ಲ, ಅದು ಚಪ್ಪಟೆಯೆಂದು ಅವಳಿಗೆ ಆಗಲೇ ಕಂಡಿತ್ತೋ, ಕಪ್ಪನ್ನು ಅಂಚಿನ ತನಕ ತುಂಬಿದ್ದು ಬೇಕಂತಲೋ ಲಕ್ಷ್ಯ ತಪ್ಪಿಯೋ, ಅದೂ ತಿಳಿಯದು. ಕೇಳಬಹುದಿತ್ತು. ಕೇಳಲಿಲ್ಲ.